ಕೆಟ್ಟ ಕಾಲು ಮೊದಲು

ಹೊಸ ಯೋಗದ ಮ್ಯಾಟ್ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಸೈಕಲ್ ಟ್ಯೂಬಿನದೂ ಅಲ್ಲ, ಹೊಸ ಚಪ್ಪಲಿಯದೂ ಅಲ್ಲ, ಎರಡರ ನಡುವಿನದು. ಮೊನ್ನೆ ಬೆಳಿಗ್ಗೆ ನಮ್ಮ ಮಹಡಿಯ ಕೋಣೆಯಲ್ಲಿ ಒಬ್ಬರು ಹೊಸ ಮ್ಯಾಟಿನ ಪ್ಲಾಸ್ಟಿಕ್ ಹರಿದು ನೆಲಕ್ಕೆ ಹಾಸಿದರು. ಯಾರು ಅಂತ ಕಡೆಗೆ ಹೇಳುತ್ತೇನೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಂದು ಜೂನಿನಿಂದ ಇನ್ನೊಂದು ಜೂನಿನವರೆಗಿನ ನನ್ನ ಆ ವರ್ಷ ಇಡಿಯಾಗಿ ಎದ್ದು ಬಂತು. ಯೋಗ ಮಾಡಿದರೆ ಮನಸ್ಸು ಶಾಂತವಾಗುತ್ತದೆ ಅಂತ ಜನ ಹೇಳುತ್ತಾರೆ. ಇರಬಹುದು. ನಾನು ಮಾಡಿದ್ದು ಸೇಡಿಗೆ. ಅದನ್ನು ಮುಚ್ಚಿಟ್ಟುಕೊಳ್ಳುವ ಹೆಣ್ಣು ನಾನಲ್ಲ.

ದಾವಣಗೆರೆಯ ವಿನೋಬನಗರದಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಮುಂದೆ ಪಾರ್ಲರ್, ಹಿಂದೆ ಮನೆ, ಮೇಲೆ ಶೀಟು ಹೊದಿಸಿದ ಒಂದು ಕೋಣೆ. ಐಬ್ರೋ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಕಡೆ ಯಾರೂ ಇಲ್ಲ, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಆದರೆ ಅದು ಮೈ ತಿನ್ನುವ ಕೆಲಸ. ದಾರದ ಒಂದು ತುದಿ ಹಲ್ಲಿನಲ್ಲಿ, ಉಳಿದದ್ದು ಎರಡೂ ಕೈಯ ಬೆರಳಲ್ಲಿ. ಗಿರಾಕಿಯ ಹಣೆಯ ಮೇಲೆ ಕತ್ತು ಬಗ್ಗಿಸಿ, ಬಲಗಾಲಿನ ಮೇಲೆ ಭಾರ ಬಿಟ್ಟು ದಿನವಿಡೀ ನಿಲ್ಲಬೇಕು. ಮದುವೆ ಸೀಸನ್ನಿನಲ್ಲಂತೂ ಊಟಕ್ಕೂ ಕೂರುವಂತಿಲ್ಲ. ನಲವತ್ತು ದಾಟುವ ಹೊತ್ತಿಗೆ ಕತ್ತು ತಿರುಗದಾಯಿತು, ಎಡಗೈ ಬೆರಳುಗಳು ಜೋಮು ಹಿಡಿಯತೊಡಗಿದವು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, "ಯೋಗ ಮಾಡ್ರಿ. ಇಲ್ಲಾಂದ್ರೆ ಈ ಕೆಲ್ಸ ಬಿಡ್ರಿ" ಅಂದರು.

ಹಾಗೆ ಸೇರಿದ್ದು ನಿಜಲಿಂಗಪ್ಪ ಬಡಾವಣೆಯ ಪಾರ್ಕಿನ ಬೆಳಗಿನ ಕ್ಲಾಸಿಗೆ. ನಡೆಸುತ್ತಿದ್ದವರು ರುದ್ರೇಶ್ ಸರ್. ಐವತ್ತೈದರ ಆಸುಪಾಸಿನ ವಯಸ್ಸು, ಬಿಳಿ ಜುಬ್ಬಾ, ಬಿಳಿ ಪ್ಯಾಂಟು, ಕತ್ತಿನ ಹತ್ತಿರ ಸಿಕ್ಕಿಸಿಕೊಂಡ ಸಣ್ಣ ಮೈಕು. ಆ ಮೈಕಿಲ್ಲದೆ ಅವರು ಯಾರನ್ನೂ ಮಾತಾಡಿಸಿದ್ದು ನಾನು ಕಾಣೆ. ಪಕ್ಕದಲ್ಲಿ ನಿಂತವರಿಗೆ ಹೇಳುವುದನ್ನೂ ಇಡೀ ಬಡಾವಣೆಗೆ ಕೇಳಿಸುತ್ತಿದ್ದರು. "ಉಸಿರು ತಗೊಳ್ರಿ, ಬಿಡ್ರಿ, ತಗೊಳ್ರಿ, ಬಿಡ್ರಿ" ಎನ್ನುವ ಅವರ ವೇಗಕ್ಕೆ ನಾವು ಏದುಸಿರು ಬಿಡುತ್ತಿದ್ದೆವು. ಅಲ್ಲಿಗೆ ಬರುವವರೆಲ್ಲ ಬಡಾವಣೆಯ ರಿಟೈರಾದ ಆಫೀಸರುಗಳು, ಅವರ ಹೆಂಡತಿಯರು. ವಿನೋಬನಗರದಿಂದ ಸ್ಕೂಟಿಯಲ್ಲಿ ಬರುತ್ತಿದ್ದವಳು ನಾನೊಬ್ಬಳೇ. ನನಗೆ ಅಲ್ಲಿ ಹೆಸರೂ ಇರಲಿಲ್ಲ, 'ಪಾರ್ಲರ್ ಮೇಡಂ' ಅಷ್ಟೇ.

ಸೇರಿ ಇನ್ನೂ ಸ್ವಲ್ಪ ದಿನ, ಅಷ್ಟರಲ್ಲಿ ಯೋಗ ದಿನಾಚರಣೆ ಬಂತು. ಜೂನ್ ತಿಂಗಳ ಮೋಡ, ಹುಲ್ಲಿನ ಮೇಲೆ ರಾತ್ರಿಯ ಹನಿ ಆರಿರಲಿಲ್ಲ. ಪಾರ್ಕಿನ ನಡುವೆ ಹಲಗೆ ಜೋಡಿಸಿದ ಗಿಡ್ಡ ಸ್ಟೇಜು, ಹಿಂದೆ ಬಿದಿರಿಗೆ ಕಟ್ಟಿದ ದೊಡ್ಡ ಬ್ಯಾನರು, ಅದರಲ್ಲಿ ರುದ್ರೇಶ್ ಸರ್ ಪದ್ಮಾಸನದಲ್ಲಿ. ಎರಡೂ ಕಡೆ ಆಳೆತ್ತರದ ಸ್ಪೀಕರು. ಮುಂದಿನ ಸಾಲಿನಲ್ಲಿ ಅತಿಥಿಗಳು. ಅವರ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾವಿತ್ರಮ್ಮ ಟೀಚರ್. ಆ ಬಡಾವಣೆಯ ಹಿರಿಯ ಹೆಂಗಸು, ಮಂಡಿನೋವಿದ್ದುದರಿಂದ ಕೂತೇ ಕೈ ಆಡಿಸುವವರು.

ಇದ್ದಕ್ಕಿದ್ದಂತೆ ಸ್ಪೀಕರಿನಲ್ಲಿ ಬಂತು, "ಪಾರ್ಲರ್ ಮೇಡಂ, ಸ್ಟೇಜಿಗೆ ಬರ್ರಿ."

ನನಗೇನೋ ಮರ್ಯಾದೆ ಮಾಡುತ್ತಾರೆ ಅಂದುಕೊಂಡು ಸೆರಗು ಸರಿಮಾಡಿಕೊಂಡು ಹತ್ತಿದೆ. ಅವತ್ತಿಗೆ ಅಂತಲೇ ಬಿಳಿ ಸೀರೆ ಉಟ್ಟಿದ್ದೆ, ಅದು ಬೇರೆ.

"ಅಭ್ಯಾಸ ಇಲ್ದೋರು ಹೆಂಗಿರ್ತಾರೆ ಅಂತ ಎಲ್ರೂ ನೋಡ್ಲಿ. ಮೇಡಂ, ಬಲಗಾಲು ಎತ್ರಿ. ತೊಡೆಗೆ ಹಚ್ಚಿ ಇಡ್ರಿ. ಕೈ ಮ್ಯಾಲೆ."

ವೃಕ್ಷಾಸನ. ಮಕ್ಕಳೂ ಮಾಡುವ ಆಸನ. ಎಡಗಾಲಲ್ಲಿ ನಿಂತೆ. ಕೈ ಮೇಲೆತ್ತಿದ ಕೂಡಲೇ ಕತ್ತಿನಲ್ಲಿ ಚಳುಕು ಹೊಡೆಯಿತು, ಎಡ ಹಿಮ್ಮಡಿ ನಡುಗಿತು, ಮುಂದೆ ನೋಡಿದರೆ ಸಾವಿತ್ರಮ್ಮನವರ ಮುಖ ನನ್ನ ಕಡೆಗೇ ಬರುತ್ತಿತ್ತು. ಸ್ಟೇಜಿನಿಂದ ನೇರ ಅವರ ಮಡಿಲಿಗೇ ಬಿದ್ದೆ. ಕುರ್ಚಿಯ ಕಾಲು ಮುರಿದು ಇಬ್ಬರೂ ಒದ್ದೆ ಹುಲ್ಲಿನ ಮೇಲೆ.

ರುದ್ರೇಶ್ ಸರ್ ಎತ್ತಲು ಬಂದರು ಅಂದುಕೊಂಡಿರಾ? ಮೈಕಿನಲ್ಲಿ ನಕ್ಕರು. "ಮೇಡಂ, ಮುಖಕ್ಕೆ ಪಾಲಿಶ್ ಹೊಡೆದಂಗಲ್ಲ ಇದು! ಯೋಗ ಒಳಗಿಂದ ಬರ್ಬೇಕು!" ಇಡೀ ಪಾರ್ಕು ಹೋ ಎಂದಿತು. ಅತಿಥಿಗಳೂ ನಕ್ಕರು. ಸೀರೆಯ ಹಿಂದೆ ಕೆಸರು, ಮೊಣಕೈ ತರಚಿ ರಕ್ತ. ಸಾವಿತ್ರಮ್ಮ ಕನ್ನಡಕ ಹುಡುಕುತ್ತಾ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಅಲ್ಲಿಗೆ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಮಧ್ಯಾಹ್ನಕ್ಕೆ ಅದರ ವಿಡಿಯೋ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬಂತು. ಹಾಕಿದವರು ಸ್ವತಃ ರುದ್ರೇಶ್ ಸರ್. ಬೀಳುವ ಹೊತ್ತಿಗೆ ಸರಿಯಾಗಿ ಪಾತ್ರೆ ಉರುಳಿದ ಸದ್ದು ಸೇರಿಸಿದ್ದರು. ಅದು ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಒಂದು ವಾರ ಬಿಟ್ಟು, ಪಾರ್ಲರಿನ ಕುರ್ಚಿಯಲ್ಲಿ ಕತ್ತೆತ್ತಿ ಮಲಗಿದ್ದ ಹೆಂಗಸೊಬ್ಬಳು ಕಣ್ಣು ಬಿಟ್ಟು, "ಅಯ್ಯ, ಅದು ನೀವೇ ಅಲ್ಲೇನ್ರಿ? ಡಬ್ ಅಂತ ಬೀಳ್ತೀರಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಹಲ್ಲಿನಲ್ಲಿದ್ದ ದಾರ ಕಟ್ಟಾಯಿತು.

ಅವತ್ತೇ ತೀರ್ಮಾನ ಮಾಡಿದೆ. ಮುಂದಿನ ಜೂನಿನಲ್ಲಿ, ಅದೇ ಪಾರ್ಕಿನಲ್ಲಿ, ಅದೇ ಸ್ಟೇಜಿನ ಮೇಲೆ, ಅದೇ ಆಸನದಲ್ಲಿ ಆ ಮನುಷ್ಯ ಬೀಳಬೇಕು. ನಾನು ನಿಂತಿರಬೇಕು. ಜಗಳ ಆಡಬಹುದಿತ್ತು, ನಮ್ಮ ಗಲ್ಲಿಯ ಹೆಂಗಸರನ್ನು ಕರೆದುಕೊಂಡು ಹೋಗಿ ಬೆವರಿಳಿಸಬಹುದಿತ್ತು. ನಮ್ಮನೆಯವರೂ ಎರಡು ಮಾತು ಕೇಳಿ ಬರುತ್ತೇನೆ ಎಂದು ಹೊರಟಿದ್ದರು. ಬೇಡ ಅಂದೆ. ಬಾಯಿಮಾತಿನಿಂದ ನನ್ನ ಹೊಟ್ಟೆ ತಣ್ಣಗಾಗುತ್ತಿರಲಿಲ್ಲ.

ಆದರೆ ನಿಲ್ಲಲು ಕಲಿಯಬೇಕಲ್ಲ? ಭಾನುವಳ್ಳಿಯ ಮದುವೆ ಹುಡುಗಿಯೊಬ್ಬಳು ಮೇಕಪ್ಪಿಗೆ ಬಂದಾಗ, ನಾನು ಕತ್ತು ಹಿಡಿದುಕೊಳ್ಳುವುದನ್ನು ನೋಡಿ ಹೇಳಿದಳು: "ಹರಿಹರದಾಗೆ ಶಮೀಮ್ ಟೀಚರ್ ಅದಾರೆ ನೋಡ್ರಿ. ನಮ್ಮ ಸ್ಕೂಲಿನಾಗೆ ಡ್ರಿಲ್ ಟೀಚರ್ ಇದ್ರು. ಈಗ ಮನ್ಯಾಗೇ ಹೆಂಗಸ್ರಿಗೆ ಯೋಗ ಹೇಳ್ಕೊಡ್ತಾರೆ. ನಮ್ಮವ್ವನ ಸೊಂಟ ಅವರೇ ಸರಿ ಮಾಡಿದ್ದು."

ಹರಿಹರವೇನು ದೂರವಲ್ಲ. ಬೆಳಗಿನ ಬಸ್ಸು ಹತ್ತಿದರೆ ಕಿಟಕಿಯ ಪಕ್ಕ ಒಂದು ತೂಕಡಿಕೆ ಮುಗಿಯುವಷ್ಟರಲ್ಲಿ ಊರು. ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ ಶಮೀಮ್ ಟೀಚರ್ ಮನೆ. ಬಾಗಿಲು ತೆರೆದೇ ಇತ್ತು. ಎಪ್ಪತ್ತರ ಹತ್ತಿರದ ಹೆಂಗಸು, ಸಣಕಲು ಮೈ, ತಲೆ ಮೇಲೆ ದುಪಟ್ಟಾ, ನೆಲದ ಮೇಲೆ ಕಾಲು ಮಡಚಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಬೆನ್ನು ಗೋಡೆಗೆ ತಾಗಿಸಿರಲಿಲ್ಲ, ಆದರೂ ಗೋಡೆಯಷ್ಟೇ ನೆಟ್ಟಗಿತ್ತು.

"ಯಾಕ್ ಬಂದಿ ಬೇಟಾ?"

"ಕತ್ತು ನೋವು, ಟೀಚರ್."

"ಕತ್ತು ನೋವಿಗೆ ಇಷ್ಟು ಸಿಟ್ಟು ಬರಲ್ಲ. ಯಾಕ್ ಬಂದಿ ಹೇಳು."

ಹೇಳಿದೆ. ಸ್ಟೇಜು, ಸಾವಿತ್ರಮ್ಮನ ಕುರ್ಚಿ, ಪಾತ್ರೆಯ ಸದ್ದು, ಎಲ್ಲ. ವಿಡಿಯೋನೂ ತೋರಿಸಿದೆ. ಅವರು ನಗಲಿಲ್ಲ. ಇನ್ನೊಂದು ಸಲ ಹಾಕು ಅಂದರು. ನನ್ನ ಎಡಪಾದದ ಮೇಲೆ ಬೆರಳಿಟ್ಟು, "ಇಲ್ಲಿ ನೋಡು. ಬೆರಳೆಲ್ಲ ನೆಲ ಹಿಡ್ಕಂಡಾವೆ, ಹಿಮ್ಮಡಿ ಖಾಲಿ. ನೀನು ಕಾಲು ಎತ್ತೋಕೆ ಮುಂಚೆನೇ ಬಿದ್ದಿದ್ದಿ" ಅಂದರು.

ಕ್ಷಮಿಸಿಬಿಡು, ಮನಸ್ಸು ದೊಡ್ಡದು ಮಾಡಿಕೋ ಅಂತ ಉಪದೇಶ ಶುರುಮಾಡಿದ್ದರೆ ನಾನು ಮುಂದಿನ ಬಸ್ಸಿಗೇ ವಾಪಸ್ಸು ಬರುತ್ತಿದ್ದೆ. ಅವರು ಹಾಗೆ ಯಾವತ್ತೂ ಅನ್ನಲಿಲ್ಲ. "ಸಿಟ್ಟು ಇರ್ಲಿ ಬಿಡು. ಅದನ್ನೂ ಕರ್ಕಂಡು ಬಾ. ಆದ್ರೆ ಅದು ಎಲ್ಲೈತೆ ಅಂತ ಗೊತ್ತಿರ್ಬೇಕು" ಅಂದರು, ಅಷ್ಟೇ.

ಅವರ ಕ್ರಮವೇ ಬೇರೆ. ಮೈಕಿಲ್ಲ, ಎಣಿಕೆಯಿಲ್ಲ, ಕಣ್ಣೆದುರಿಗೆ ಗಡಿಯಾರವೂ ಇಲ್ಲ. ಒಂದು ಬೆಳಿಗ್ಗೆಗೆ ಒಂದೇ ಆಸನ. ಅದರಲ್ಲಿ ನಿಲ್ಲಿಸಿ ತಮ್ಮ ಪಾಡಿಗೆ ಬೆಳ್ಳುಳ್ಳಿ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಕೂರುವರು. ನಡುನಡುವೆ ಒಂದೇ ಪ್ರಶ್ನೆ. "ಈಗ ಏನಾಗ್ತೈತೆ?"

"ಏನೂ ಇಲ್ಲ ಟೀಚರ್."

"ನೋಡು."

"ಕಾಲು ನೋಯ್ತೈತೆ."

"ಕಾಲು ಅಂದ್ರೆ ಎಲ್ಲಿ? ಕಾಲು ದೊಡ್ಡದೈತೆ."

ಹುಡುಕಿ ಹೇಳಬೇಕು. ಪಾದದ ಹೊರಂಚು, ಮಂಡಿಯ ಹಿಂದಿನ ನರ, ಸೊಂಟದ ಮೂಳೆಯ ಕೆಳಗೆ ಒಂದು ಹಿಡಿ ಜಾಗ. ಹೇಳುವಷ್ಟರಲ್ಲಿ ನೋವು ಬೇರೆ ಕಡೆ ಹೋಗಿರುತ್ತಿತ್ತು. ಮತ್ತೆ ಹಿಂದೆ ಓಡಬೇಕು. ಮೊದಮೊದಲು ತಲೆ ಕೆಟ್ಟುಹೋಗುತ್ತಿತ್ತು. ಇಷ್ಟು ದೂರ ಬಸ್ಸು ಹತ್ತಿ ಬಂದು ನನ್ನ ಕಾಲನ್ನು ನಾನೇ ವಿಚಾರಣೆ ಮಾಡುವುದೆಂದರೆ! ಆದರೆ ರುದ್ರೇಶ್ ಸರ್ ಮುಖ ನೆನೆಸಿಕೊಂಡರೆ ಸಾಕು, ಇನ್ನೊಂದಿಷ್ಟು ಹೊತ್ತು ನಿಲ್ಲುತ್ತಿದ್ದೆ.

ಅವರದು ಒಂದೇ ಒಂದು ನಿಯಮ: ಕೆಟ್ಟ ಕಾಲು ಮೊದಲು. ಎಲ್ಲರೂ ಸಲೀಸಾದ ಕಡೆಯಿಂದ ಶುರುಮಾಡುತ್ತಾರೆ, ಗಮನವೆಲ್ಲ ಅಲ್ಲೇ ಖರ್ಚಾಗುತ್ತದೆ, ಕೆಟ್ಟ ಕಡೆಗೆ ಬರುವ ಹೊತ್ತಿಗೆ ಕಾಟಾಚಾರ. ಅದಕ್ಕೇ ನನ್ನ ಎಡಗಾಲು ಯಾವಾಗಲೂ ಮೊದಲು. "ಎರಡೂ ಕಡಿ ಸರಿ ಇರ್ಬೇಕು ಬೇಟಾ. ನಮ್ಮೂರ ದೇವ್ರನ್ನೇ ನೋಡು, ಅರ್ಧ ಹರ, ಅರ್ಧ ಹರಿ. ಒಂದು ಕಡಿ ಸೊಟ್ಟ ಆದ್ರೆ ನಿಮ್ಮೋರು ಬಿಡ್ತಾರೇನು?" ಎಂದು ತಾವೇ ನಕ್ಕರು.

ಮಳೆಗಾಲ ಹೀಗೇ ಹೋಯಿತು. ತುಂಗಭದ್ರೆ ಕೆಂಪಗೆ ತುಂಬಿ ಹರಿದು, ಇಳಿದು, ಮತ್ತೆ ತಿಳಿಯಾದಳು. ಮೊದಲ ತಿಂಗಳು ಗೋಡೆ ಹಿಡಿದು ನಿಂತೆ, ಆಮೇಲೆ ಗೋಡೆಗೆ ಒಂದು ಬೆರಳು ತಾಗಿಸಿ. ದಸರಾ ಹೊತ್ತಿಗೆ ಬೆರಳನ್ನೂ ತೆಗೆದೆ. ತೆಗೆದ ದಿನ ಖುಷಿಯಲ್ಲಿ ಟೀಚರ್ ಕಡೆ ನೋಡಿದರೆ ಅವರು ಹುಬ್ಬು ಗಂಟಿಕ್ಕಿದ್ದರು.

"ಹಲ್ಲು ಯಾಕೆ ಕಚ್ಚಿದ್ದಿ? ದಾರ ಇಲ್ಲಲ್ಲ ಬಾಯಾಗೆ."

ಆಗಷ್ಟೇ ನನಗೆ ಗೊತ್ತಾಗಿದ್ದು. ನನ್ನ ದವಡೆ ಯಾವಾಗಲೂ ಬಿಗಿದೇ ಇರುತ್ತಿತ್ತು. ಪಾರ್ಲರಿನಲ್ಲಿ, ಅಡುಗೆ ಮನೆಯಲ್ಲಿ, ನಿದ್ದೆಯಲ್ಲೂ ಬಹುಶಃ. ಇಲ್ಲದ ದಾರವೊಂದನ್ನು ಹಲ್ಲಲ್ಲಿ ಹಿಡಿದುಕೊಂಡೇ ನಾನು ಇಷ್ಟು ವರ್ಷ ಬದುಕಿದ್ದೆ. ದವಡೆ ಸಡಿಲ ಬಿಟ್ಟೆ. ಕಿವಿಯ ಹಿಂದಿನಿಂದ ಹೆಗಲವರೆಗೆ ಏನೋ ಜಾರಿ ಇಳಿದಂತಾಯಿತು, ಕಣ್ಣಲ್ಲಿ ನೀರು ಬಂತು. ಜೊತೆಗೇ ಕಾಲೂ ಕುಸಿಯಿತು. ಬಿದ್ದವಳನ್ನು ನೋಡಿ ಟೀಚರ್, "ಹಾಂ, ಈಗ ಶುರುವಾಯ್ತು. ಹಲ್ಲಿನ ಮ್ಯಾಲೆ ನಿಂತಿದ್ದಿ ಇಷ್ಟು ದಿನ. ಇನ್ಮ್ಯಾಲೆ ಕಾಲ ಮ್ಯಾಲೆ ನಿಲ್ಲು" ಅಂದರು.

ಚಳಿ ಶುರುವಾದಾಗ ಬೆಳ್ಳುಳ್ಳಿ ಹೋಗಿ ಅವರೆಕಾಯಿ ಬಂತು. ಹೊಳೆಯ ಮೇಲಿನ ಮಂಜು ಓಣಿಯವರೆಗೂ ಏರಿ ಬರುತ್ತಿತ್ತು. ಅವರು ಅವರೆ ಬಿಡಿಸುತ್ತಿದ್ದರು, ನಾನು ಎಡಗಾಲ ಮೇಲೆ ನಿಂತು ನನ್ನ ಸಿಟ್ಟು ಎಲ್ಲಿದೆ ಅಂತ ಹುಡುಕುತ್ತಿದ್ದೆ. ಎಲ್ಲಾ ಕಡೆ ಇದೆ ಅಂದರೆ ಅವರು ಒಪ್ಪುತ್ತಿರಲಿಲ್ಲ. ಕಡೆಗೊಂದು ದಿನ ಸಿಕ್ಕಿತು. ಎಡ ಹೆಗಲಿನ ಮೂಳೆಯ ಒಳಗಡೆ, ಒಂದು ಹುಣಸೆಬೀಜದಷ್ಟು ಜಾಗ. ಬಿಸಿಯಾಗಿ, ಗಟ್ಟಿಯಾಗಿ. ಕರಗಿಸಬೇಕು ಅನಿಸಲಿಲ್ಲ. ಅದನ್ನು ನೋಡುತ್ತಾ ಎಷ್ಟು ಹೊತ್ತು ನಿಂತೆನೋ, ಟೀಚರ್ ಬಿಡಿಸಿದ ಕಾಳು ಎರಡು ಬಟ್ಟಲಾಗಿತ್ತು. ಸೇಡಿಗಿರುವಷ್ಟು ಗಮನ ಭಕ್ತಿಗೂ ಇರಲಿಕ್ಕಿಲ್ಲ ಎಂದು ಅವತ್ತು ಅನಿಸಿತು. ಈಗಲೂ ಹಾಗೇ ಅನಿಸುತ್ತದೆ.

ಈ ನಡುವೆ ಕತ್ತು ತಿರುಗತೊಡಗಿತ್ತು. ಬೆರಳಿನ ಜೋಮು ಹೋಗಿತ್ತು. ಪಾರ್ಲರಿನಲ್ಲಿ ಎರಡೂ ಕಾಲ ಮೇಲೆ ಭಾರ ಹಂಚಿ ನಿಲ್ಲುತ್ತಿದ್ದೆ. ಡಾಕ್ಟರು ಹೇಳಿದ ಕೆಲಸ ಆಗಿಹೋಗಿತ್ತು, ಬಿಡಬಹುದಿತ್ತು. ನನ್ನ ಕೆಲಸ ಎಲ್ಲಿ ಆಗಿತ್ತು?

ಕ್ಲಾಸಿನ ಗ್ರೂಪಿನಿಂದ ನಾನು ಹೊರಬಂದಿರಲಿಲ್ಲ. ರುದ್ರೇಶ್ ಸರ್ ದಿನಾ ಬೆಳಿಗ್ಗೆ ತಮ್ಮ ವಿಡಿಯೋ ಹಾಕುತ್ತಿದ್ದರು. ಅವನ್ನೆಲ್ಲ ಒಂದೂ ಬಿಡದೆ ನೋಡುತ್ತಿದ್ದೆ. ಪ್ರೀತಿಸಿದವರ ಫೋಟೋವನ್ನೂ ಯಾರೂ ಹಾಗೆ ನೋಡಿರಲಿಕ್ಕಿಲ್ಲ. ಬಿಸಿಲು ಏರತೊಡಗಿದ್ದ ದಿನಗಳು ಅವು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು, ಫ್ಯಾನಿನ ಕೆಳಗೆ ಕೂತು ಅವರ ವೃಕ್ಷಾಸನ ನೋಡುತ್ತಿದ್ದೆ. ಏನೋ ಒಂದು ಕಣ್ಣಿಗೆ ಬಿತ್ತು. ಹಳೆಯ ವಿಡಿಯೋ ತೆಗೆದೆ. ಅದರ ಹಿಂದಿನದು ತೆಗೆದೆ. ಎಲ್ಲದರಲ್ಲೂ ಅದೇ.

ಯೋಗ ಹೇಳಿಕೊಡುವವರು ನಮಗೆ ಎದುರಾಗಿ ನಿಲ್ಲುತ್ತಾರೆ. ಅದಕ್ಕೆ 'ಬಲಗಾಲು ಎತ್ತಿ' ಎಂದು ಬಾಯಲ್ಲಿ ಹೇಳುತ್ತಾ ತಾವು ಎಡಗಾಲು ಎತ್ತುತ್ತಾರೆ, ಕನ್ನಡಿಯಲ್ಲಿ ಕಂಡ ಹಾಗೆ ಕಾಣಲಿ ಅಂತ. ಎಲ್ಲರೂ ಮಾಡುವುದೇ. ರುದ್ರೇಶ್ ಸರ್ ಕೂಡ ಎಡಗಾಲು ಎತ್ತಿ ಬಲಗಾಲ ಮೇಲೆ ಕಂಬದಂತೆ ನಿಲ್ಲುವರು. ಅದು ಮುಗಿದ ಕೂಡಲೇ, "ಈಗ ಇನ್ನೊಂದು ಕಡೆ ಮಾಡ್ರಿ" ಅಂತ ಹೇಳಿ ಮುಂದಿನಿಂದ ಸರಿದು, ಕ್ಲಾಸಿನವರ ನಡುವೆ ಓಡಾಡುತ್ತಾ ಅವರಿವರ ಮೊಣಕೈ ಸರಿಮಾಡುವರು. ಇನ್ನೊಂದು ಕಡೆಯನ್ನು ಅವರು ಮಾಡಿ ತೋರಿಸಿದ ವಿಡಿಯೋ ಒಂದೂ ಇರಲಿಲ್ಲ. ವರ್ಷಗಟ್ಟಲೆ ಆ ಮನುಷ್ಯ ಬಲಗಾಲ ಮೇಲೆ ಮಾತ್ರ ನಿಂತಿದ್ದರು. ಅವರ ಎಡಗಾಲು, ನನ್ನದು ಹೇಗಿತ್ತೋ ಹಾಗೇ ಇತ್ತು.

ನನಗೆ ಆದ ಸಂತೋಷ ಹೇಳತೀರದು. ಖಾಲಿ ಪಾರ್ಲರಿನಲ್ಲಿ ಕನ್ನಡಿಯ ಮುಂದೆ ನಿಂತು ಜೋರಾಗಿ ನಕ್ಕೆ.

ಮರುದಿನ ಹರಿಹರಕ್ಕೆ ಹೋಗಿ ಟೀಚರಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಅಕ್ಕಿಯ ಮೊರ ಕೆಳಗಿಟ್ಟರು.

"ಬೀಳಿಸ್ತೀಯಾ?"

"ಬೀಳಿಸ್ತೀನಿ."

"ಬೀಳ್ಸು. ಬ್ಯಾಡ ಅಂದ್ರೆ ಕೇಳೋಳಲ್ಲ ನೀನು. ಆದ್ರೆ ಒಂದು. ಅವನು ಬೀಳೋ ಹೊತ್ತಿಗೆ ನಿನ್ನ ಉಸಿರು ಎಲ್ಲೈತೆ ಅಂತ ನೋಡ್ಕೋ. ಆಮ್ಯಾಲೆ ಬಂದು ನಂಗೆ ಹೇಳು."

ಜೂನ್ ಬಂತು. ಅದೇ ಪಾರ್ಕು, ಅದೇ ಹಲಗೆಯ ಸ್ಟೇಜು, ಹೊಸ ಬ್ಯಾನರಿನಲ್ಲಿ ಇನ್ನೂ ದೊಡ್ಡ ಪದ್ಮಾಸನ. ಮುಂದಿನ ಸಾಲಿನಲ್ಲೇ ಮ್ಯಾಟ್ ಹಾಸಿದೆ. ಸೀರೆಯಲ್ಲ, ಚೂಡಿದಾರ. ಸಾವಿತ್ರಮ್ಮ ನನ್ನನ್ನು ನೋಡಿ ಕುರ್ಚಿಯನ್ನು ಅಷ್ಟು ದೂರಕ್ಕೆ ಎಳೆದುಕೊಂಡು ಕೂತರು. ರುದ್ರೇಶ್ ಸರ್ ಗುರುತು ಹಿಡಿದು, "ಓಹೋ, ಪಾರ್ಲರ್ ಮೇಡಂ! ಹುಷಾರು, ಅಕ್ಕಪಕ್ಕದೋರು ಸ್ವಲ್ಪ ಜಾಗ ಬಿಡ್ರಿ" ಎಂದು ಮೈಕಿನಲ್ಲಿ ಅಂದರು. ಜನ ನಕ್ಕರು. ನಾನೂ ನಕ್ಕೆ. ದವಡೆ ಸಡಿಲವಾಗಿತ್ತು.

ವೃಕ್ಷಾಸನ ಬಂತು. ಅವರು ಬಲಗಾಲ ಮೇಲೆ ನಿಂತರು, ಚೆನ್ನಾಗಿಯೇ ನಿಂತರು. ಇಳಿಸಿದರು. "ಈಗ ಇನ್ನೊಂದು ಕಡೆ" ಎನ್ನುತ್ತಾ ಸ್ಟೇಜಿನ ಅಂಚಿಗೆ ಬಂದರು.

"ಸರ್," ಅಂದೆ ನಾನು. ನನಗೆ ಮೈಕು ಬೇಕಾಗಲಿಲ್ಲ. "ಇನ್ನೊಂದು ಕಡೆನೂ ನೀವೇ ತೋರ್ಸ್ರಿ. ನೋಡ್ಕಂಡು ಮಾಡ್ತೀವಿ."

"ಅದೇ ಥರಾನೇ ಮೇಡಂ, ಏನೂ ವ್ಯತ್ಯಾಸ ಇಲ್ಲ."

"ವ್ಯತ್ಯಾಸ ಇಲ್ಲಾಂದ್ರೆ ತೋರ್ಸ್ರಿ ಸರ್. ಹೋದ ವರ್ಷ ನಾನು ತೋರ್ಸಿದ್ನಲ್ಲ, ಈ ಸಲ ನೀವು."

ಯಾರೋ ಹಿಂದೆ ಕಿಸಕ್ಕೆಂದರು. ಅತಿಥಿಯೊಬ್ಬರು, "ಹೌದ್ರಿ, ತೋರ್ಸ್ರಿ" ಅಂದರು, ಪಾಪ, ಏನೂ ಗೊತ್ತಿಲ್ಲದೆ. ರುದ್ರೇಶ್ ಸರ್ ವಾಪಸ್ಸು ಸ್ಟೇಜಿನ ನಡುವೆ ಹೋದರು. ಬಲಗಾಲು ಎತ್ತಿದರು. ನಾನೂ ಕೆಳಗೆ ಬಲಗಾಲು ಎತ್ತಿ ಎಡಗಾಲ ಮೇಲೆ ನಿಂತು, ಅವರನ್ನೇ ನೋಡಿದೆ.

ಮೊದಲು ಅವರ ಕಾಲ್ಬೆರಳು ಹಲಗೆಯನ್ನು ಹಿಡಿದವು. ನನಗೆ ಗೊತ್ತಿದ್ದ ಹಿಡಿತ ಅದು. ಆಮೇಲೆ ಹಿಮ್ಮಡಿ ಖಾಲಿಯಾಯಿತು. ಆಮೇಲೆ ಮಂಡಿ. ಆಗ ಇನ್ನೊಂದು ಆಯಿತು, ನಾನೂ ಯೋಚಿಸಿರದಿದ್ದದ್ದು. ಕತ್ತಿನ ಹತ್ತಿರದ ಮೈಕು ಅವರ ಉಸಿರನ್ನು ಹಿಡಿಯತೊಡಗಿತು. ಆಳೆತ್ತರದ ಎರಡು ಸ್ಪೀಕರಿನಿಂದ ಇಡೀ ಪಾರ್ಕಿಗೆ ಅವರ ಏದುಸಿರು, ಗಂಟಲಲ್ಲಿ ಸಿಕ್ಕಿಕೊಂಡು, ಬಿಟ್ಟು, ಮತ್ತೆ ಸಿಕ್ಕಿಕೊಂಡು. ವಾಕಿಂಗ್ ಬಂದವರೂ ನಿಂತು ತಿರುಗಿ ನೋಡಿದರು. ಅವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಇಳಿಸಲಾ ಎಂದು ಕೇಳುವಂತಿತ್ತು. ನಾನು ನಿಂತೇ ಇದ್ದೆ.

ಬಿದ್ದರು. ಬೀಳುವಾಗ ಬಿದಿರು ಹಿಡಿದರು, ಬಿದಿರಿನ ಜೊತೆಗೆ ಬ್ಯಾನರೂ ಬಂತು, ಪದ್ಮಾಸನ ಅವರನ್ನು ತಲೆಯಿಂದ ಕಾಲವರೆಗೆ ಹೊದಿಸಿತು. ಸ್ಪೀಕರು ಕೀ ಎಂದು ಕಿರುಚಿತು. ಆ ಕಿರುಚಾಟ ನಿಂತ ಮೇಲೆ ಕೇಳಿದ್ದು ಒಂದೇ ನಗು, ಸಾವಿತ್ರಮ್ಮನವರದು. ಅವರ ಕೈಯಲ್ಲಿ ಫೋನಿತ್ತು, ಎಲ್ಲ ಹಿಡಿದಿದ್ದರು. ಆಮೇಲೆ ಎಲ್ಲರೂ ನಕ್ಕರು. ನಾನು ನಿಧಾನ ಕಾಲಿಳಿಸಿ, ಮ್ಯಾಟ್ ಸುತ್ತಿಕೊಂಡು, ಸ್ಕೂಟಿ ಹತ್ತಿದೆ. ಮನೆಗೆ ಬರುವಷ್ಟರಲ್ಲಿ ಸಾವಿತ್ರಮ್ಮ ವಿಡಿಯೋ ಕಳಿಸಿದ್ದರು, ನನಗೊಬ್ಬಳಿಗೇ. ಆಮೇಲೆ ಅವರು ಫೋನು ಮಾಡಿ, "ನನ್ನ ಫೋನಿನಾಗೆ ಅಳಿಸ್ಬಿಟ್ಟೆ, ಇದ್ರೆ ಮೊಮ್ಮಕ್ಕಳು ಎಲ್ಲೆಲ್ಲೋ ಹಾಕ್ತಾವೆ. ನೀವೇ ಇಟ್ಕಳ್ರಿ. ಏನ್ ಮಾಡ್ತೀರೋ ನಿಮಗೆ ಬಿಟ್ಟಿದ್ದು" ಅಂದರು.

ಹರಿಹರಕ್ಕೆ ಹೋದೆ. ಟೀಚರ್ ಮೊದಲು ಕೇಳಿದ್ದೇ ಅದನ್ನು. "ಉಸಿರು ಎಲ್ಲಿತ್ತು?"

"ಆರಾಮಿತ್ತು ಟೀಚರ್. ಹೋಗಿ ಬಂದು ಮಾಡ್ತಿತ್ತು. ಅಷ್ಟು ಆರಾಮಾಗಿ ನಾನು ಯಾವತ್ತೂ ನಿಂತಿಲ್ಲ."

ಸುಳ್ಳಲ್ಲ. ಅವರಿಗೆ ಹಿತವಾಗಲಿ ಅಂತ ಬೇರೆ ಹೇಳಬಹುದಿತ್ತು, ಹೇಳಲಿಲ್ಲ. ಟೀಚರ್ ನನ್ನ ಮುಖ ನೋಡಿದರು. "ಯಾ ಅಲ್ಲಾ. ಚೆಂದ ಕಲ್ತಿದ್ದಿ" ಅಂದರು. "ನಿನ್ನ ನೋಡಿದ್ರೆ ನಂಗೇ ಹೆದ್ರಿಕೆ ಆಗ್ತೈತೆ." ಆಮೇಲೆ ಚಹಾ ಮಾಡಿಕೊಟ್ಟರು.

ವಿಡಿಯೋವನ್ನು ನಾನು ಎಲ್ಲೂ ಹಾಕಲಿಲ್ಲ. ಒಳ್ಳೆಯತನದಿಂದ ಅಲ್ಲ. ಹಾಕಿದರೆ ಒಂದು ವಾರದ ನಗು, ಮುಗಿಯಿತು. ಇಟ್ಟುಕೊಂಡರೆ ಅವರಿಗೆ ದಿನಾ ಹೆದರಿಕೆ. ಅವರ ಕ್ಲಾಸು ಒಂದಿಷ್ಟು ದಿನ ನಿಂತಿತು, ಕಾಲು ಉಳುಕಿದೆ ಅಂತ ಗ್ರೂಪಿನಲ್ಲಿ ಬರೆದರು. ಆಮೇಲೊಂದು ಬೆಳಿಗ್ಗೆ ಪಾರ್ಲರಿನ ಬಾಗಿಲು ತೆಗೆದರೆ, 'ಮಹಿಳೆಯರಿಗೆ ಮಾತ್ರ' ಎಂಬ ಬೋರ್ಡಿನ ಕೆಳಗೆ ರುದ್ರೇಶ್ ಸರ್ ನಿಂತಿದ್ದರು. ಮೈಕಿರಲಿಲ್ಲ. ಮೈಕಿಲ್ಲದ ಅವರ ದನಿ ಇಷ್ಟು ಸಣ್ಣದು ಅಂತ ನನಗೆ ಗೊತ್ತಿರಲಿಲ್ಲ.

"ಮೇಡಂ, ಸಾವಿತ್ರಮ್ಮ ಹೇಳಿದ್ರು, ಆ ವಿಡಿಯೋ ನಿಮ್ಮ ಹತ್ರ ಐತಂತೆ."

"ಐತೆ ಸರ್."

"ಡಿಲೀಟ್ ಮಾಡ್ತೀರೇನು?"

ಸಾರಿ ಅನ್ನಲಿಲ್ಲ. ನಾನೂ ಕೇಳಲಿಲ್ಲ. "ಎಡಗಾಲ ಮ್ಯಾಲೆ ನಿಲ್ರಿ ಸರ್, ಗೋಡೆ ಹಿಡೀದೆ. ನಿಂತ ದಿನ ಮಾಡ್ತೀನಿ. ಮ್ಯಾಲೆ ಕೋಣೆ ಐತೆ, ಹೆಂಗಸ್ರ ಕ್ಲಾಸು ಮುಗಿದ್ ಮ್ಯಾಲೆ ಬರ್ರಿ" ಅಂದೆ. ಅಷ್ಟೊತ್ತಿಗೆ ನಮ್ಮ ಗಲ್ಲಿಯ ಹೆಂಗಸರು ಕೆಲವರು ನನ್ನ ಹತ್ತಿರ ಕಲಿಯಲು ಬರತೊಡಗಿದ್ದರು.

ಬರಲಾರರು ಅಂದುಕೊಂಡಿದ್ದೆ. ಬಂದರು. ಇವತ್ತಿಗೂ ಬರುತ್ತಾರೆ. ಗೋಡೆಯ ಪಕ್ಕ ನಿಲ್ಲಿಸುತ್ತೇನೆ. "ಕೆಟ್ಟ ಕಾಲು ಮೊದಲು, ಸರ್." ನಾನು ಕೆಳಗೆ ಕೂತು ಬೆಳ್ಳುಳ್ಳಿ ಸುಲಿಯುತ್ತೇನೆ. "ಈಗ ಏನಾಗ್ತೈತೆ?" ಎಂದು ಕೇಳುತ್ತೇನೆ. "ಕಾಲು ನೋಯ್ತೈತೆ ಮೇಡಂ" ಅನ್ನುತ್ತಾರೆ. "ಕಾಲು ದೊಡ್ಡದೈತೆ ಸರ್, ಎಲ್ಲಿ ಹೇಳ್ರಿ." ಅವರು ಹುಡುಕುತ್ತಾರೆ. ಸುಧಾರಿಸಿದ್ದೀರಿ ಅಂತ ನಾನು ಒಂದು ದಿನವೂ ಹೇಳಿಲ್ಲ. ಇಳಿಸಲಾ ಎಂದು ಅವರ ಕಣ್ಣು ಕೇಳುತ್ತದೆ, ನಾನು ಬೆಳ್ಳುಳ್ಳಿ ನೋಡುತ್ತೇನೆ. ಮನೆಯಲ್ಲೇ ಕಲಿತು ಬಂದು ಒಂದು ದಿನ ನಿಂತು ತೋರಿಸಿ ಹೋಗಬಹುದಿತ್ತು ಅವರು. ಯಾಕೆ ದಿನಾ ಬರುತ್ತಾರೋ ನಾನು ಕೇಳಿಲ್ಲ.

ಮೊನ್ನೆ ಹೊಸ ಮ್ಯಾಟ್ ತಂದವರು ಅವರೇ. ಹಳೆಯದು ಎಡಹಿಮ್ಮಡಿ ಊರುವ ಜಾಗದಲ್ಲಿ ಸವೆದು ತೂತಾಗಿತ್ತು. ಪ್ಲಾಸ್ಟಿಕ್ ಹರಿದು ಹಾಸಿದರು, ಆ ವಾಸನೆ ಕೋಣೆಯೆಲ್ಲ ತುಂಬಿತು. ಎಡಗಾಲ ಮೇಲೆ ನಿಂತರು. ಗೋಡೆಗೆ ತಾಗಿದ್ದ ಬೆರಳು ತೆಗೆದರು. ಕಾಲ್ಬೆರಳು ನೆಲ ಹಿಡಿದಿರಲಿಲ್ಲ, ಹಿಮ್ಮಡಿ ತುಂಬಿತ್ತು. ಉಸಿರು ಹೋಗಿ ಬರುತ್ತಿತ್ತು. ಶೀಟಿನ ಮೇಲೆ ಕಾಗೆ ಕೂತು ಎದ್ದು ಹೋಯಿತು, ಅವರು ನಿಂತೇ ಇದ್ದರು. ಆಮೇಲೆ ಮೆಲ್ಲಗೆ ನನ್ನ ಕಡೆ ನೋಡಿದರು.

ಫೋನು ತೆಗೆದೆ. ವಿಡಿಯೋ ತೆರೆದೆ. ಅಳಿಸಲು ಹೆಬ್ಬೆರಳು ಇಟ್ಟಾಗ ಶಮೀಮ್ ಟೀಚರ್ ಮಾತು ನೆನಪಾಗಿ ಉಸಿರು ಎಲ್ಲಿದೆ ಅಂತ ನೋಡಿಕೊಂಡೆ. ನಿಂತಿತ್ತು. ಆ ಮನುಷ್ಯ ಬಿದ್ದಾಗ ನಿಲ್ಲದ ಉಸಿರು, ಆ ಮನುಷ್ಯ ನಿಂತಾಗ ನಿಂತುಹೋಗಿತ್ತು. ದವಡೆಯೂ ಬಿಗಿದಿತ್ತು.

"ಈಗ ಕಣ್ಣು ಮುಚ್ರಿ ಸರ್," ಅಂದೆ. "ಕಣ್ಣು ಮುಚ್ಚಿ ನಿಂತ ದಿನ ನೋಡಾನ."

ಅದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಮಾತು ತಪ್ಪಿದಿರಿ ಅಂತ ಅವರು ಕೂಗಾಡಬಹುದಿತ್ತು. ಕಣ್ಣು ಮುಚ್ಚಿದರು. ಮುಚ್ಚಿದ ಕೂಡಲೇ ಹಿಮ್ಮಡಿ ನಡುಗಿತು, ಬೆರಳು ಗೋಡೆಗೆ ಹೋಯಿತು.

ಅವರ ಕಣ್ಣು ಮುಚ್ಚಿದ್ದಾಗಲೇ ವಿಡಿಯೋ ಅಳಿಸಿದೆ. ಉಸಿರು ಬಂತು. ಫೋನನ್ನು ಬೆಳ್ಳುಳ್ಳಿ ಸಿಪ್ಪೆಯ ಪಕ್ಕ ಮಗುಚಿಟ್ಟು, "ನಾಳೆ ಬರ್ರಿ ಸರ್" ಅಂದೆ. ಅವರಿಗೆ ಇನ್ನೂ ಹೇಳಿಲ್ಲ.